ಮೂಲ ಎಂಬ ಮಾತಿಗೆ ಹೆದರಿದ ಮಗಳಿಗೆ

ಹೊಸನಗರ ತಾಲ್ಲೂಕು,
ಆಷಾಢ ಬಹುಳ ಪಂಚಮಿ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಕೈಸೇರಿತು. ಹುಡುಗನ ವಿಷಯ, ಅವರ ಮನೆಯ ವಿಷಯ, ನಿನ್ನ ಜಾತಕದಲ್ಲಿ ಮೂಲಾ ನಕ್ಷತ್ರ ನೋಡಿದ ಮೇಲೆ ಅವರು ಆಡಿದ ಮಾತು, ಇವೆಲ್ಲ ನಿನ್ನ ಅಪ್ಪನಿಂದ ನನಗೆ ತಿಳಿದಿದೆ. ಅದನ್ನು ಬಿಡೋಣ. ಮೂರನೇ ಪುಟದ ಅಂಚಿನಲ್ಲಿ, ಬರೆಯಲೋ ಬೇಡವೋ ಎಂಬಂತೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ‘ನಾನು ಆ ಮನೆಗೆ ಹೋದ ಮೇಲೆ ಅವರ ತಂದೆಗೆ ಏನಾದರೂ ಆಗಿಬಿಟ್ಟರೆ?’ ಎಂದು, ಆ ಸಾಲು ಮೂರು ರಾತ್ರಿಯಿಂದ ನನಗೆ ನಿದ್ದೆ ಕೊಟ್ಟಿಲ್ಲ. ಹೊರಗೆ ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿದೆ. ಎದ್ದು ದೀಪ ಹಾಕಿಕೊಂಡು ಮತ್ತೆ ಆ ಸಾಲನ್ನೇ ಓದುತ್ತೇನೆ. ಇದೇ ಮಾತನ್ನು ನಾನು ಹಿಂದೆ ಇನ್ನೊಬ್ಬಳ ಬಾಯಿಂದ ಕೇಳಿದ್ದೇನೆ.

ಇಷ್ಟು ಓದಿದವಳು ಇದನ್ನು ನಂಬುತ್ತೀಯಾ ಎಂದು ನಾನು ಕೇಳುವುದಿಲ್ಲ. ಓದಿಗೂ ಈ ಭಯಕ್ಕೂ ಸಂಬಂಧವಿಲ್ಲ. ‘ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗದು, ಆಶ್ಲೇಷಾ ಅತ್ತೆಗೆ ಆಗದು’ ಎಂಬ ಮಾತನ್ನು ಎಳವೆಯಿಂದ ಕೇಳಿಕೊಂಡು ಬಂದ ಮನಸ್ಸು, ನಂಬದಿದ್ದರೂ ಹೆದರುತ್ತದೆ.

ಮೂವತ್ತು ವರ್ಷ ಹಳ್ಳಿಯ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು ನಾನು. ‘ಮೂಲ’ ಎಂದರೆ ನನಗೆ ಮೊದಲು ಕಾಣುವುದು ಕಪ್ಪು ಹಲಗೆಯ ಮೇಲಿನ ವರ್ಗಮೂಲದ ಚಿಹ್ನೆ. ನಮ್ಮವರು ಅದನ್ನು ಮೂಲ ಎಂದು ಕರೆದರು, ಬೇರು ಎಂಬ ಅರ್ಥದಲ್ಲಿ. ಅರಬ್ಬರು ಜದ್ರ್ ಎಂದರು, ಲ್ಯಾಟಿನ್ನಿನವರು ರಾಡಿಕ್ಸ್ ಎಂದರು, ಅವೆರಡಕ್ಕೂ ಅರ್ಥ ಗಿಡದ ಬೇರೇ. ಆರ್ಯಭಟ 499ರಲ್ಲೇ ವರ್ಗಮೂಲ ತೆಗೆಯುವ ಕ್ರಮವನ್ನು ಬರೆದಿಟ್ಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ನಮ್ಮ ಕನ್ನಡ ನಾಡಿನ ಮಹಾವೀರಾಚಾರ್ಯ ಒಂದು ಸೂಕ್ಷ್ಮವನ್ನು ಹೇಳಿದ: ಋಣ ಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ಅದಕ್ಕೂ ಒಂದು ಮೂಲವನ್ನು ಕಲ್ಪಿಸಿಕೊಂಡು ಗಣಿತವನ್ನು ಮುಂದಕ್ಕೆ ಒಯ್ದವರು ಬಹಳ ಕಾಲದ ನಂತರ ಬಂದರು, ಆ ಮಾತು ಬೇರೆ. ಆದರೆ ಇಲ್ಲದಿರುವ ಕಡೆ ಮೂಲವನ್ನು ಹುಡುಕಬೇಡ ಎಂದು ಒಬ್ಬ ಗಣಿತಜ್ಞ ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಮನೆಗೆ ಬಂದು ಅದನ್ನು ಹೇಳಬೇಕಾದವಳಿಗೆ ಹೇಳಲಿಲ್ಲ.

ಅದೇ ಮಾತು ಮನೆಮನೆಯಲ್ಲಿ ಎಷ್ಟು ಕೆಲಸ ಮಾಡುತ್ತದೆ ನೋಡು. ನೀನು ಹುಟ್ಟಿದಾಗ ನಿನ್ನ ಅಮ್ಮನಿಗೆ ಬಾಣಂತನದಲ್ಲಿ ಕೊಟ್ಟದ್ದು ದಶಮೂಲಾರಿಷ್ಟ. ಬಿಲ್ವ, ಶಿವನಿ, ಪಾದರಿ, ನೆಗ್ಗಿಲು ಮೊದಲಾದ ಹತ್ತು ಬೇರುಗಳ ಮದ್ದು ಅದು. ಆ ಹತ್ತು ಮೂಲಗಳು ನಿನ್ನ ತಾಯಿಯನ್ನು ಹಾಸಿಗೆಯಿಂದ ಎಬ್ಬಿಸಿದವು. ಬ್ಯಾಂಕಿನಲ್ಲಿ ಬಡ್ಡಿ ಬೆಳೆಯುವುದು ಮೂಲಧನದ ಮೇಲೆ. ಘಟ್ಟದ ಕೆಳಗೆ ಒಕ್ಕಲಿಗೆ ಕಾಯಂ ಹಕ್ಕು ಕೊಡುತ್ತಿದ್ದ ಗೇಣಿಗೆ ಮೂಲಗೇಣಿ ಎನ್ನುತ್ತಿದ್ದರು, ಚಾಲಗೇಣಿಯವನನ್ನು ಎಬ್ಬಿಸಬಹುದಿತ್ತು, ಮೂಲಗೇಣಿಯವನನ್ನು ಸುಲಭಕ್ಕೆ ಎಬ್ಬಿಸಲಾಗುತ್ತಿರಲಿಲ್ಲ. ದೇವಸ್ಥಾನದಲ್ಲಿ ಉತ್ಸವಮೂರ್ತಿ ಬೀದಿಗೆ ಬರುತ್ತದೆ, ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ಮೂಲವ್ಯಾಧಿಯನ್ನೂ ಜನ ಬರೀ ‘ಮೂಲ’ ಎಂದೇ ಕರೆಯುತ್ತಾರೆ, ಪಾಪ, ಅನುಭವಿಸುವವರಿಗೆ ಅದೂ ಸಣ್ಣದಲ್ಲ. ಇಷ್ಟೆಲ್ಲ ಕಡೆ ಯಾರನ್ನೂ ಕೊಲ್ಲದ ಮಾತು ಒಂದು ಹೆಣ್ಣುಮಗಳ ಜಾತಕದಲ್ಲಿ ಕುಳಿತ ಕೂಡಲೇ ಮಾವನ ಪ್ರಾಣಕ್ಕೆ ಎರವಾಗುತ್ತದೆ ಎನ್ನುತ್ತಾರಲ್ಲ, ಅದು ನನಗೆ ಇಂದಿಗೂ ಸಹಿಸಲಾಗದ ಸಂಗತಿ.

ಆಕಾಶದಲ್ಲಿರುವ ಮೂಲಾ ಯಾವುದು ಎಂದು ನೋಡಿದ್ದೀಯಾ? ಅಶ್ವಿನಿಯಿಂದ ಎಣಿಸಿದರೆ ಹತ್ತೊಂಬತ್ತನೆಯದು. ವೃಶ್ಚಿಕದ ಬಾಲದ ಕೊಂಡಿಯಲ್ಲಿರುವ ನಕ್ಷತ್ರಗಳು. ಅವುಗಳ ಬೆಳಕು ನಮ್ಮ ಅಂಗಳಕ್ಕೆ ಬರಲು ನೂರಾರು ವರ್ಷ ಬೇಕು. ನಮ್ಮ ಆಕಾಶಗಂಗೆಯ ಕೇಂದ್ರ ಇರುವುದೂ ಅದೇ ದಿಕ್ಕಿನಲ್ಲಿ, ಸುಮಾರು 26 ಸಾವಿರ ಜ್ಯೋತಿರ್ವರ್ಷ ಆಚೆಗೆ. ಚಂದ್ರ 27 ದಿನಕ್ಕೆ ಸ್ವಲ್ಪ ಮೇಲೆ ಒಂದು ಸುತ್ತು ಮುಗಿಸುತ್ತಾನೆ, ಒಂದೊಂದು ನಕ್ಷತ್ರದಲ್ಲಿ ಹೆಚ್ಚುಕಡಿಮೆ ಒಂದು ದಿನ. ಅಂದಮೇಲೆ 27 ಜನರಲ್ಲಿ ಒಬ್ಬರು ಮೂಲಾ ನಕ್ಷತ್ರದವರು. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಜನ 17 ಲಕ್ಷ 52 ಸಾವಿರ. ಭಾಗಿಸಿ ನೋಡಿದೆ, ಸುಮಾರು 65 ಸಾವಿರ ಬರುತ್ತದೆ. ಅವರಲ್ಲಿ ಅರ್ಧ ಹೆಂಗಸರು ಎಂದಿಟ್ಟುಕೊಂಡರೆ 32 ಸಾವಿರಕ್ಕೂ ಹೆಚ್ಚು. ಈ ಜಿಲ್ಲೆಯೊಂದರಲ್ಲೇ ನಿನ್ನಂಥವರು ಅಷ್ಟು ಮಂದಿ ಮಗಳೇ. ಅವರೆಲ್ಲ ಹೋದ ಮನೆಗಳಲ್ಲಿ ಮಾವಂದಿರು ಮುದುಕರಾಗುತ್ತಾರೆ, ಮೊಮ್ಮಕ್ಕಳನ್ನು ಆಡಿಸುತ್ತಾರೆ, ಎಲ್ಲರಂತೆ ಒಂದು ದಿನ ಹೋಗುತ್ತಾರೆ.

ಪಂಚಾಂಗದ ದಾರಿಯಲ್ಲೇ ಹೋಗುವುದಾದರೂ ಕೇಳು. ನವರಾತ್ರಿಯಲ್ಲಿ ಸರಸ್ವತಿಯನ್ನು ಆವಾಹನೆ ಮಾಡುವುದು ಮೂಲಾ ನಕ್ಷತ್ರದ ದಿನ. ನಿನ್ನ ಪುಸ್ತಕಗಳನ್ನು ದೇವರ ಮುಂದೆ ಇಟ್ಟು ಕೈಮುಗಿಯುತ್ತಿದ್ದೆಯಲ್ಲ, ಆ ಪೂಜೆ ಮೊದಲಾಗುವುದೇ ಆ ನಕ್ಷತ್ರದಿಂದ. ಮೂಲಾ ನಕ್ಷತ್ರದ ದೇವತೆ ನಿರೃತಿ, ಕೇಡಿನ ದೇವತೆ ಎಂದು ಹೆದರಿಸುತ್ತಾರೆ. ಆ ನಿರೃತಿಯ ಹೆಸರಿನಿಂದಲೇ ಬಂದದ್ದು ನೈಋತ್ಯ ದಿಕ್ಕು. ಈಗ ನನ್ನ ಹೆಂಚಿನ ಮೇಲೆ ಸುರಿಯುತ್ತಿರುವುದು ನೈಋತ್ಯ ಮುಂಗಾರು. ಅದು ಬಾರದಿದ್ದರೆ ನಮಗೆ ತೋಟವೆಲ್ಲಿ, ಗದ್ದೆಯೆಲ್ಲಿ?

ಇನ್ನು ನಾನು ಹೇಳಬೇಕಾದ್ದಕ್ಕೆ ಬರುತ್ತೇನೆ. ನಿನ್ನ ಅಮ್ಮ ಜನನ ಸಮಯವನ್ನು ಸ್ವಲ್ಪ ತಿದ್ದಿಸೋಣ ಎನ್ನುತ್ತಿದ್ದಾಳೆ ಎಂದು ಬರೆದಿದ್ದೀಯ. ಅವಳ ಮೇಲೆ ಸಿಟ್ಟಾಗಬೇಡ, ತಾಯಿಯ ಸಂಕಟ ಅದು. ಆದರೆ ಈ ಮನೆಯಲ್ಲಿ ಒಮ್ಮೆ ಆ ಕೆಲಸ ಆಗಿದೆ. ಅದು ನಿನ್ನ ಅಪ್ಪನಿಗೂ ಗೊತ್ತಿಲ್ಲ.

ನಿನ್ನ ಅತ್ತೆಯದು, ಅಂದರೆ ನನ್ನ ತಂಗಿಯದು, ಮೂಲಾ ನಕ್ಷತ್ರ, ನಾಲ್ಕನೇ ಪಾದ, ಅದರ ಕೊನೆಯ ಕಾಲುಭಾಗ. ಎರಡು ಸಂಬಂಧಗಳು ಜಾತಕದ ಬಾಗಿಲಿನಿಂದಲೇ ಹಿಂದೆ ಹೋದವು. ಮೂರನೆಯ ಕಡೆಯವರು ಮಾವನಿಲ್ಲದ ಮನೆಯವರು, ಆದರೆ ಹುಡುಗನಿಗೆ ಅವಳಿಗಿಂತ ಹದಿನೆಂಟು ವರ್ಷ ಹೆಚ್ಚು. 1974ರಲ್ಲಿ ಸಾಗರದ ಕಡೆಯಿಂದ ಒಳ್ಳೆಯ ಸಂಬಂಧ ಬಂದಾಗ ಅಪ್ಪಯ್ಯ ನನ್ನನ್ನು ಜಗಲಿಗೆ ಕರೆದು, ನಿನ್ನ ಅಕ್ಷರ ಚೆನ್ನಾಗಿದೆ, ಲೆಕ್ಕವೂ ಬರುತ್ತದೆ ಎಂದರು. ನಾನು ಐದು ಘಳಿಗೆ ಮುಂದಕ್ಕೆ ಹಾಕಿ ಹೊಸ ಜಾತಕ ಬರೆದೆ. ಎರಡು ಗಂಟೆಯ ಹೊತ್ತು ಅಷ್ಟೆ. ಮೂಲಾ ಹೋಗಿ ಪೂರ್ವಾಷಾಢ ಆಯಿತು. ತಂಗಿಗೆ ಒಳ್ಳೆಯದನ್ನು ಮಾಡಿದೆ ಎಂದೇ ಅಂದುಕೊಂಡೆ. ಮೂಲಾ ನಕ್ಷತ್ರದ ನಾಲ್ಕನೇ ಪಾದ ಶುಭ ಎಂದು ಮುಹೂರ್ತ ಗ್ರಂಥಗಳೇ ಹೇಳುತ್ತವೆ ಎಂಬುದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಅಂದು ಹುಡುಕಿ ನೋಡಿದ್ದರೆ ಸುಳ್ಳೇ ಬೇಕಾಗಿರಲಿಲ್ಲ.

ಮೂರನೇ ಬೇಸಿಗೆಯಲ್ಲಿ ಅವಳ ಮಾವ ತೀರಿಕೊಂಡರು. ಹೇಗೆ ಎಂಬುದು ನಿಮಗೆಲ್ಲ ತಿಳಿದೇ ಇದೆ, ಮಂಗನ ಕಾಯಿಲೆ. ಆ ಮನೆಯವರು ಯಾರೂ ಸೊಸೆಯನ್ನು ಒಂದು ಮಾತು ಅನ್ನಲಿಲ್ಲ, ಅನ್ನಲು ಅವರಿಗೆ ಕಾರಣವೇ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಅದನ್ನೇ ನಾನು ಅಂದು ಯೋಚಿಸಲಿಲ್ಲ. ಯಾರಾದರೂ ಬೈದಿದ್ದರೆ ಅವಳು ಎದುರು ಮಾತಾಡುತ್ತಿದ್ದಳೇನೋ, ಜಗಳವಾಡಿ ಹಗುರಾಗುತ್ತಿದ್ದಳೇನೋ. ಬೈಯುವವರಿಲ್ಲದೆ ಅವಳೇ ತನ್ನನ್ನು ಬೈದುಕೊಂಡು ಕುಳಿತಳು. ನಲವತ್ತು ವರ್ಷ. ಕೊನೆಯ ಬಾರಿ ಇಲ್ಲಿಗೆ ಬಂದಾಗ ಬಚ್ಚಲೊಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತಾ ಕೇಳಿದಳು: ‘ಅಣ್ಣಾ, ಮಾವ ಹೋದದ್ದು ನನ್ನಿಂದ ತಾನೇ?’

ಆ ಕಾಯಿಲೆಯ ಮೂಲವನ್ನು ಹುಡುಕಿದವರ ಕಥೆ ನನಗೆ ಚೆನ್ನಾಗಿ ಗೊತ್ತಿತ್ತು ಪುಟ್ಟಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನಕ್ಕೂ ಜ್ವರ ಬಂತು. ಹಳದಿ ಜ್ವರ ನಮ್ಮ ದೇಶಕ್ಕೂ ಬಂದುಬಿಟ್ಟಿತೇ ಎಂದು ಮೊದಲು ಗಾಬರಿಯಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಕಾಡು ಅಲೆದು, ಸತ್ತ ಮಂಗಗಳನ್ನೂ ರೋಗಿಗಳ ರಕ್ತವನ್ನೂ ಪರೀಕ್ಷಿಸಿ, ಇದು ಬೇರೆಯೇ ವೈರಸ್, ಹರಡುವುದು ಉಣುಗಿನಿಂದ ಎಂದು ಕಂಡುಹಿಡಿದರು. ಮಂಗ ಸತ್ತ ಕಡೆ ಅದರ ಮೈಯಿಂದ ಉದುರಿದ ಉಣುಗುಗಳು ನೆಲದ ತರಗೆಲೆಯಲ್ಲಿ ಹರಡಿಕೊಳ್ಳುತ್ತವೆ. ಕಾಯಿಲೆ ಹೆಚ್ಚುವುದು ಡಿಸೆಂಬರಿನಿಂದ ಮೇ ತನಕ, ಅಂದರೆ ನಮ್ಮವರು ಕೊಟ್ಟಿಗೆಗೆ ಸೊಪ್ಪು, ತರಗು ತರಲು ಬೆಟ್ಟಕ್ಕೆ ಹೋಗುವ ಕಾಲದಲ್ಲಿ. ರೋಗ ತಗುಲಿದ ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಅವಳ ಮಾವ ಆ ಮಾರ್ಚ್ ತಿಂಗಳಿಡೀ ಸೊಪ್ಪಿನ ಬೆಟ್ಟದಲ್ಲಿದ್ದರು. ಬೆಟ್ಟದಲ್ಲಿ ಮಂಗ ಸತ್ತು ಬಿದ್ದದ್ದನ್ನು ಊರವರು ನೋಡಿದ್ದರು.

ಇದನ್ನು ಅವಳಿಗೆ ಆ ವರ್ಷವೇ ಕೂರಿಸಿಕೊಂಡು ಹೇಳಬಹುದಿತ್ತು. ಗಾಯ ಕೆದಕಬಾರದು ಎಂದುಕೊಂಡು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ, ನನ್ನ ಕೈಬರಹದ ಸುಳ್ಳು ಮಾತಿಗೆ ಬಂದೀತು ಎಂಬ ಅಳುಕೂ ಇತ್ತು. ಆ ದಿನ ಒಲೆಯ ಮುಂದೆ ‘ಅಲ್ಲ, ತಂಗಿ’ ಎಂದಷ್ಟೇ ಹೇಳಿದೆ. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ. ಮುಂದಿನ ದೀಪಾವಳಿಗೆ ಅವಳೇ ಇರಲಿಲ್ಲ.

‘ನದೀಮೂಲ, ಋಷಿಮೂಲ ಹುಡುಕಬಾರದು’ ಎಂಬ ಗಾದೆಯಿದೆ. ನಾನೂ ಅವಳೂ ಒಮ್ಮೆ ಗಂಗಾಮೂಲಕ್ಕೆ ಹೋಗಿದ್ದೆವು, ಅವಳ ಮಾವ ಹೋದ ನಾಲ್ಕೈದು ವರ್ಷಕ್ಕೆ. ತುಂಗೆಯೂ ಭದ್ರೆಯೂ ಹುಟ್ಟುವುದು ಆ ವರಾಹ ಪರ್ವತದಲ್ಲಿ. ಮಳೆಗಾಲದ ತುಂಗೆಯನ್ನು ನೋಡಿ ಬೆಳೆದವರಿಗೆ ಅಲ್ಲಿ ಕಾಣುವುದು ಕಲ್ಲಿನ ಸಂದಿಯ ನೀರು. ಅವಳು ಬೊಗಸೆಯಲ್ಲಿ ನೀರು ಹಿಡಿದು ಬಹಳ ಹೊತ್ತು ನಿಂತಿದ್ದಳು. ‘ಮೂಲ ಎಂದರೆ ಇಷ್ಟೇನಾ ಅಣ್ಣಾ?’ ಎಂದಳು. ನದಿಯ ವಿಷಯ ಕೇಳುತ್ತಿದ್ದಾಳೆ ಎಂದುಕೊಂಡು ನಾನು ತುಂಗೆ 147 ಕಿಲೋಮೀಟರ್ ಹರಿದು ಕೂಡಲಿಯಲ್ಲಿ ಭದ್ರೆಯನ್ನು ಸೇರುವ ಪಾಠ ಹೇಳಿದೆ. ಅವಳು ಕೇಳಿದ್ದು ಅದಲ್ಲ ಎಂದು ಈಗ, ನಿನ್ನ ಪತ್ರ ಓದಿದ ಮೇಲೆ, ಹೊಳೆಯುತ್ತಿದೆ.

ಹೀಗೆ ಮಾಡು ಎಂದು ನಿನಗೆ ಹೇಳುವ ಅಧಿಕಾರ ನನಗೆ ಎಷ್ಟಿದೆಯೋ ತಿಳಿಯದು. ಆದರೂ ಹೇಳುತ್ತೇನೆ. ಸಮಯ ತಿದ್ದಿಸಲು ಒಪ್ಪಬೇಡ. ಅಮ್ಮನಿಗೆ ನೀನು ಹೇಳುವುದು ಕಷ್ಟವಾದರೆ ನಾನು ಬಂದು ಹೇಳುತ್ತೇನೆ, ಮಳೆ ಸ್ವಲ್ಪ ಹಿಡಿದರೆ ಬಸ್ ಹತ್ತಿಬಿಡುತ್ತೇನೆ. ಆ ಹುಡುಗನ ಹತ್ತಿರ, ದೊಡ್ಡವರನ್ನು ನಡುವೆ ಇಟ್ಟುಕೊಳ್ಳದೆ, ಈ ಭಯ ನನಗಿದೆ ಎಂದು ನೀನೇ ಹೇಳಿಬಿಡು. ಅವನು ಏನನ್ನುತ್ತಾನೆ ಎಂಬುದಕ್ಕಿಂತ, ಹೇಗೆ ಕೇಳಿಸಿಕೊಳ್ಳುತ್ತಾನೆ ನೋಡು. ಅವರ ತಂದೆಗೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದ್ದರೆ ವೈದ್ಯರಿಗೆ ತೋರಿಸುತ್ತಿದ್ದಾರೆಯೇ ಎಂದು ವಿಚಾರಿಸು. ಇದು ನಿಶ್ಚಯದ ಮೊದಲು ಕೇಳುವ ಮಾತೋ ಅಲ್ಲವೋ, ನಿನಗೆ ಸರಿ ಕಂಡಂತೆ ಮಾಡು. ಅವರು ಬೇಡ ಎಂದರೆ ಎರಡು ದಿನ ಅತ್ತುಬಿಡು, ಇಲ್ಲಿಗೆ ಬಂದು ಅಳು, ನಿನ್ನ ದೊಡ್ಡಮ್ಮ ಕೆಸುವಿನ ಪತ್ರೊಡೆ ಮಾಡುತ್ತಾಳೆ. ಒಪ್ಪಿದರೆ, ಮುಂದೆ ಎಂದಾದರೂ ಆ ಮನೆಯಲ್ಲಿ ಒಬ್ಬರು ಕೆಮ್ಮಿದರೆ, ರಾತ್ರಿ ಆ ಸಾಲು ನಿನ್ನ ತಲೆಯಲ್ಲಿ ಎದ್ದರೆ, ಎಷ್ಟೇ ಹೊತ್ತಾಗಿರಲಿ ನನಗೆ ಫೋನ್ ಮಾಡು. ಒಬ್ಬಳೇ ಇಟ್ಟುಕೊಳ್ಳಬೇಡ.

ಭಾದ್ರಪದ ಕಳೆಯುವ ಹೊತ್ತಿಗೆ, ಮೋಡ ಬಿಟ್ಟ ಸಂಜೆ, ಕತ್ತಲಾಗುತ್ತಿದ್ದಂತೆ ದಕ್ಷಿಣಕ್ಕೆ ಸ್ವಲ್ಪ ನೈಋತ್ಯಕ್ಕೆ ತಿರುಗಿ ನೋಡು. ಚೇಳಿನ ಬಾಲ ಸೊಟ್ಟಗೆ ಬಾಗಿರುವುದು ಕಾಣುತ್ತದೆ, ಅದರ ತುದಿಯಲ್ಲಿ ಒತ್ತೊತ್ತಾಗಿ ಎರಡು ನಕ್ಷತ್ರ. ಅದೇ ಮೂಲಾ.

ಈ ಪತ್ರದ ಜೊತೆಗೆ ಮಡಿಸಿಟ್ಟ ಒಂದು ಹಳದಿ ಕಾಗದವಿದೆ, ಹುಷಾರಾಗಿ ಬಿಚ್ಚು, ಮಡಿಕೆಯಲ್ಲಿ ಹರಿದಿದೆ. ಅದು ನಿನ್ನ ಅತ್ತೆಯ ಮೂಲ ಜಾತಕ, ಅವಳು ಹುಟ್ಟಿದ ವಾರ ಅಪ್ಪಯ್ಯ ಬರೆಸಿದ್ದು. ನಾನು ಬರೆದ ನಕಲು ಅವಳ ಜೊತೆ ಹೋಯಿತು. ಇದನ್ನು ನಾನು ಐವತ್ತು ವರ್ಷ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದೆ. ಅಮ್ಮನಿಗೂ ಅಪ್ಪನಿಗೂ ತೋರಿಸು. ನೋಡಿದ ಮೇಲೆ ನಿನ್ನ ಹತ್ತಿರವೇ ಇರಲಿ.

ನಾಳೆ ಬಿಸಿಲು ಕಂಡರೆ ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಸಬೇಕು, ಕೊಳೆರೋಗ ಕಾಣಿಸಿಕೊಂಡಿದೆ. ಪತ್ರ ತಲುಪಿದ ಕೂಡಲೇ ಒಂದು ಮಾತು ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ