ಡಾಂಗಲ್ಲಿಗೆ ಸರಿಯಾದ ಡ್ರೈವರ್ ಕೊಡದೆ, ಮೌಸ್ ಕುಣಿದಿದ್ದಕ್ಕೆ ನಮ್ಮಪ್ಪನ ಕೈಗೆ ತಪ್ಪು ಹೊರಿಸಿದ್ದರ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ ಸಾರ್ / ಮೇಡಂ,

ನಾನು ತಿಪಟೂರಿಂದ ಬರೀತಿದೀನಿ. ನಿಮ್ಮ ಕಂಪನಿಯ 11.6 ಇಂಚಿನ ಸಣ್ಣ ಲ್ಯಾಪ್‌ಟಾಪು, ಅದರ ಜೊತೆ ಕಾಂಬೋ ಅಂತ ಕೊಡೋ ವೈರ್‌ಲೆಸ್ ಮೌಸು ಕೀಬೋರ್ಡು, ಆಮೇಲೆ ನಿಮ್ಮ ಸರ್ವೀಸ್ ಸೆಂಟರಿನವರೇ ಕೊಡಿಸಿದ ವೈಫೈ ಹಿಡಿಯೋಕೆ ಯುಎಸ್‌ಬಿ ತೂತಿಗೆ ಸಿಕ್ಕಿಸೋ ಡಾಂಗಲ್ಲು, ಒಂದು ಯುಎಸ್‌ಬಿ ತೂತನ್ನ ಹಲವು ಮಾಡೋ ಹಬ್ಬು, ಇಷ್ಟೂ ನಿಮ್ಮ ಹೆಸರಿರೋ ಸಾಮಾನೇ ನಮ್ಮನೇಲಿರೋದು. ನಾಲ್ಕು ತಿಂಗಳಲ್ಲಿ ಮೂರು ಸಲ ಫೋನಲ್ಲಿ ಕಂಪ್ಲೇಂಟ್ ಕೊಟ್ಟಿದೀನಿ, ಎರಡು ಸಲ ತುಮಕೂರಿಗೆ ಲ್ಯಾಪ್‌ಟಾಪ್ ಹೊತ್ಕೊಂಡು ಹೋಗಿ ಬಂದಿದೀನಿ, ಪ್ರತಿ ಸಲ ಸಮಸ್ಯೆ ಬಗೆಹರಿದಿದೆ ಅಂತ ಮೆಸೇಜ್ ಬರುತ್ತೆ, ಸಮಸ್ಯೆ ಮಾತ್ರ ಹಂಗೇ ಇರುತ್ತೆ. ಫೋನಲ್ಲಿ ಹೇಳಿದ್ದು ಯಾರಿಗೂ ತಲುಪ್ತಿಲ್ಲ ಅಂತ ಈ ಸಲ ಪೂರ್ತಿ ಬರೆದು ಕಳಿಸ್ತಿದೀನಿ, ದಯವಿಟ್ಟು ಕೊನೇ ತನಕ ಓದಿ.

ಲ್ಯಾಪ್‌ಟಾಪ್ ತಗೊಂಡಿದ್ದು ನಮ್ಮಪ್ಪನಿಗೆ. ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದೋರು, ಹೋದ ವರ್ಷ ಲಕ್ವ ಹೊಡೆದು ಬಲಗೈ ಸ್ವಾಧೀನ ಹೋಯ್ತು, ಈಗ ಊಟದಿಂದ ಹಿಡಿದು ಎಲ್ಲಾ ಎಡಗೈಲೇ. ನಮ್ಮಜ್ಜಿ ಹೇಳ್ತಿದ್ದ ಸೋಬಾನೆ ಪದಗಳನ್ನ ಅಪ್ಪ ಎಷ್ಟೋ ವರ್ಷದ ಹಿಂದೆ ನಾಲ್ಕು ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ರು, ಅಜ್ಜಿ ಈಗಿಲ್ಲ, ನೋಟ್‌ಬುಕ್ ಹಾಳೆ ಪುಡಿಯಾಗ್ತಿದೆ, ಅಷ್ಟನ್ನೂ ಟೈಪ್ ಮಾಡಿ ಇಟ್ಟುಬಿಡಬೇಕು ಅಂತ ಅವರ ಆಸೆ. ಮಂಚದ ಮೇಲೆ ದಿಂಬಿಗೆ ಒರಗಿಕೊಂಡು, ಲ್ಯಾಪ್‌ಟಾಪ್ ಎದುರಿಗೆ ಸ್ಟೂಲ್ ಮೇಲೆ, ಕೀಬೋರ್ಡ್ ತೊಡೆ ಮೇಲೆ, ಪಕ್ಕದಲ್ಲಿ ಮಕ್ಕಳು ಪರೀಕ್ಷೆಗೆ ಹಿಡ್ಕೊಂಡು ಹೋಗೋ ರಟ್ಟಿನ ಪ್ಯಾಡ್ ಇಟ್ಟು ಅದರ ಮೇಲೆ ಮೌಸ್ ಓಡಿಸ್ತಾರೆ. ವೈರ್ ಇರೋ ಮೌಸ್ ಕೊಟ್ಟು ನೋಡಿದ್ವಿ, ವೈರು ರಗ್ಗಿಗೆ ಸಿಕ್ಕಾಕ್ಕೊಂಡು ಎಳೆಯುತ್ತೆ, ಬಿಡಿಸ್ಕೊಳ್ಳೋಕೆ ಇನ್ನೊಂದು ಕೈ ಇಲ್ಲ ಅವರಿಗೆ. ಅದಕ್ಕೇ ವೈರ್‌ಲೆಸ್ಸೇ ಬೇಕು ಅಂತ ನೋಡಿ ತಗೊಂಡಿದ್ದು. ದುಡ್ಡು ಎಲ್ಲಿಂದ ಬಂತು ಅಂತಲೂ ಹೇಳ್ಬಿಡ್ತೀನಿ, ಅಟ್ಟದ ಮೇಲೆ ವರ್ಷದ ಹತ್ರ ಇಟ್ಟು ಒಣಗಿಸಿ, ಸುಲಿದು, ಒಡೆದು ಮಾರಿದ ಉಂಡೆ ಕೊಬ್ಬರಿ ದುಡ್ಡದು.

ಮೊದಲ ಎರಡು ತಿಂಗಳು ಚೆನ್ನಾಗೇ ಇತ್ತು. ಆಮೇಲೆ ಒಂದಿನ ನಿಮ್ಮದೇ ಅಪ್‌ಡೇಟ್ ಆಪು ವೈಫೈ ಡ್ರೈವರ್, ಅಂದ್ರೆ ವೈಫೈನ ನಡೆಸೋ ಸಾಫ್ಟ್‌ವೇರು, ಹೊಸದು ಬಂದಿದೆ ಅಂತ ತೋರ್ಸಿ ತಾನೇ ಹಾಕ್ಕೊಂಡು ರೀಸ್ಟಾರ್ಟ್ ಆಯ್ತು, ಅಲ್ಲಿಂದ ವೈಫೈ ಗುರುತೇ ಮಾಯ. ಡಿವೈಸ್ ಮ್ಯಾನೇಜರ್ ತೆಗೆದು ನೋಡಿದ್ರೆ ವೈಫೈ ಮುಂದೆ ಹಳದಿ ತ್ರಿಕೋನ, ಕೋಡ್ 10, ಅಂದ್ರೆ ಅದು ಶುರುನೇ ಆಗ್ತಿಲ್ಲ ಅಂತ. ಹಳೇ ಡ್ರೈವರಿಗೆ ವಾಪಸ್ ಹೋಗೋ ರೋಲ್ ಬ್ಯಾಕ್ ಬಟನ್ನು ಮಂಕಾಗಿತ್ತು, ಒತ್ತೋಕೇ ಬರಲಿಲ್ಲ. ವೈಫೈ, ಬ್ಲೂಟೂತ್ ಎರಡೂ ಒಂದೇ ಕಾರ್ಡಲ್ಲಿರೋದ್ರಿಂದ ಬ್ಲೂಟೂತೂ ಹೋಯ್ತು. ಈ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಾಕೋ ತೂತೂ ಇಲ್ಲ. ಫೋನ್ ಮಾಡಿದ್ರೆ ನಿಮ್ಮವರು ಹೇಳಿದ್ದು, ನಮ್ಮ ವೆಬ್‌ಸೈಟಿಗೆ ಹೋಗಿ ಡ್ರೈವರ್ ಡೌನ್‌ಲೋಡ್ ಮಾಡ್ಕೊಳಿ ಮೇಡಂ ಅಂತ. ನೆಟ್ಟೇ ಇಲ್ದಿರೋ ಲ್ಯಾಪ್‌ಟಾಪಲ್ಲಿ ಹೆಂಗೆ ಮಾಡ್ಕೊಳ್ಳಿ ಅಂತ ಕೇಳಿದ್ರೆ ಸರ್ವೀಸ್ ಸೆಂಟರಿಗೆ ತನ್ನಿ ಅಂದ್ರು.

ತಗೊಂಡು ಹೋದೆ. ವೈಫೈ ಕಾರ್ಡು ಮದರ್‌ಬೋರ್ಡಿಗೇ ಬೆಸುಗೆ ಹಾಕಿರೋದು, ಬೋರ್ಡೇ ಬದಲಾಯಿಸ್ಬೇಕು, 20 ದಿನ ಲ್ಯಾಪ್‌ಟಾಪ್ ಇಲ್ಲೇ ಬಿಡ್ಬೇಕು, ಒಳಗಿರೋ ಫೈಲಿಗೆ ನಾವು ಜವಾಬ್ದಾರಿ ಅಲ್ಲ, ಸುಮ್ನೆ ಯಾಕೆ ತಾಪತ್ರಯ, 649 ರೂಪಾಯಿಗೆ ಡಾಂಗಲ್ ಬರುತ್ತೆ ಹಾಕ್ಕೊಳಿ ಅಂದ್ರು. ಒಂದು ವರ್ಷದ ವಾರಂಟಿ ಇನ್ನೂ ಮುಗಿದಿರ್ಲಿಲ್ಲ ಸಾರ್. ವಾರಂಟಿ ಒಳಗೆ ನಿಮ್ಮ ಅಪ್‌ಡೇಟಿಂದ ಕೆಟ್ಟಿದ್ದಕ್ಕೆ ನಾನ್ಯಾಕೆ ದುಡ್ಡು ಕೊಟ್ಟೆ ಅಂತ ಈಗ ಅನ್ಸುತ್ತೆ, ಅವತ್ತು ಸಂಜೆ ಟ್ರೈನ್ ಹಿಡೀಬೇಕಿತ್ತು, ಮನೇಲಿ ಅಪ್ಪ ಒಬ್ಬರೇ ಇದ್ರು, ಕೊಟ್ಟು ತಗೊಂಡು ಬಂದೆ.

ಮನೆಗೆ ಬಂದು ಡಬ್ಬ ತೆಗೆದ್ರೆ ಡ್ರೈವರು ಅಂಗೈಯಗಲದ ಪುಟ್ಟ ಸಿಡೀಲಿ ಇದೆ. ನೀವೇ ಮಾರಿರೋ ಈ ಸಣ್ಣ ಲ್ಯಾಪ್‌ಟಾಪಿಗೆ ಸಿಡಿ ಡ್ರೈವ್ ಎಲ್ಲಿದೆ? ಹಳೇ ಕಂಪ್ಯೂಟರ್ ಇರೋ ಒಂದು ಜೆರಾಕ್ಸ್ ಅಂಗಡಿ ಹುಡುಕಿ, ಅವರ ಕಾಲು ಹಿಡಿದು ಪೆನ್‌ಡ್ರೈವಿಗೆ ಕಾಪಿ ಮಾಡಿಸ್ಕೊಂಡು ಬಂದೆ. ಸೆಟಪ್ ಒತ್ತಿದ್ರೆ ಓಡೋದೇ ಇಲ್ಲ, ಸ್ಟೋರಿಂದ ಬಂದ ಆಪ್ ಮಾತ್ರ ಓಡುತ್ತೆ ಅಂತ ಒಂದು ಕಿಟಕಿ ಬಂದು ನಿಲ್ಲುತ್ತೆ. ಮತ್ತೆ ಫೋನ್. ಈ ಸಲ ಹೇಳಿದ್ದು ವೈರಸ್ ಇರಬೇಕು ಮೇಡಂ, ತನ್ನಿ, ಫಾರ್ಮ್ಯಾಟ್ ಹೊಡೆದು ಕೊಡ್ತೀವಿ, 750 ಆಗುತ್ತೆ ಅಂತ. ಅಷ್ಟೊತ್ತಿಗೆ ಅಪ್ಪ 40 ಸೋಬಾನೆ ಪದ ಟೈಪ್ ಮಾಡಿದ್ರು. ನಾನು ಒಪ್ಪಲಿಲ್ಲ, ಅವತ್ತು ಒಪ್ಪದೇ ಇದ್ದಿದ್ದು ನಮ್ಮ ಪುಣ್ಯ.

ವೈರಸ್ ಇರಲಿಲ್ಲ ಸಾರ್. ಲ್ಯಾಪ್‌ಟಾಪ್ ನಿಮ್ಮ ಫ್ಯಾಕ್ಟರಿಯಿಂದಲೇ ವಿಂಡೋಸ್ ಎಸ್ ಮೋಡಲ್ಲಿ ಬಂದಿತ್ತು. ಎಸ್ ಮೋಡಲ್ಲಿ ಸ್ಟೋರ್ ಬಿಟ್ಟು ಹೊರಗಿನ ಸೆಟಪ್ ಫೈಲ್ ಓಡಲ್ಲ, ಅದು ಸೇಫ್ಟಿಗೆ ಇಟ್ಟಿರೋದು, ಅದರ ಬಗ್ಗೆ ನನ್ನ ತಕರಾರಿಲ್ಲ. ಎಸ್ ಮೋಡಿಂದ ದುಡ್ಡಿಲ್ದೆ ಆಚೆ ಬರಬಹುದು, ಸೆಟಿಂಗ್ಸಲ್ಲಿ ಆಕ್ಟಿವೇಶನ್ ಅಂತಿದೆ, ಅಲ್ಲಿಂದ ಸ್ಟೋರಿಗೆ ಹೋಗಿ ಮಾಮೂಲಿ ವಿಂಡೋಸ್ ಹೋಮಿಗೆ ಬದಲಾಯಿಸ್ಕೋಬೇಕು, ಒಂದ್ಸಲ ಬಂದ್ಮೇಲೆ ವಾಪಸ್ ಹೋಗೋಕಾಗಲ್ಲ ಅಷ್ಟೇ. ಆದ್ರೆ ಅದಕ್ಕೂ ನೆಟ್ ಬೇಕು. ನೆಟ್ಟಿಗೆ ಡ್ರೈವರ್ ಬೇಕು, ಡ್ರೈವರಿಗೆ ಎಸ್ ಮೋಡ್ ಬಿಡಬೇಕು, ಎಸ್ ಮೋಡ್ ಬಿಡೋಕೆ ನೆಟ್ ಬೇಕು. ಕೊನೆಗೆ ಫೋನನ್ನ ಚಾರ್ಜರ್ ಕೇಬಲಲ್ಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಫೋನಿನ ನೆಟ್ಟನ್ನ ಲ್ಯಾಪ್‌ಟಾಪಿಗೆ ಕೊಡೋ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ಯಾವ ಡ್ರೈವರೂ ಹಾಕದೆ ನೆಟ್ ಬಂತು. ಈ ಒಂದು ಮಾತನ್ನ ನಿಮ್ಮ ಹೆಲ್ಪ್‌ಲೈನವರು ಮೊದಲ ದಿನವೇ ಹೇಳಿದ್ರೆ ನಾನು ತುಮಕೂರಿಗೆ ಹೋಗೋದೇ ಬೇಕಿರಲಿಲ್ಲ. ಅಪ್ಪನಿಗೆ ಕೈ ಕೂತಿರೋದು ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರಿನ ಕೀಲಿಮಣೇಲಿ, ಅದು ಯಾಕೆ ಇನ್‌ಸ್ಟಾಲ್ ಆಗ್ತಿರ್ಲಿಲ್ಲ ಅಂತಲೂ ಆವಾಗ್ಲೇ ಗೊತ್ತಾಗಿದ್ದು, ಎಸ್ ಮೋಡ್ ಬಿಟ್ಟ ದಿನವೇ ನುಡಿ ಹಾಕ್ಕೊಂಡ್ವಿ.

ಇಷ್ಟಾದ್ಮೇಲೂ ಡಾಂಗಲ್ ಮೇಲೇಳಲಿಲ್ಲ. ಸೆಟಪ್ ಪೂರ್ತಿ ಆಯ್ತು ಅನ್ನುತ್ತೆ, ಡಿವೈಸ್ ಮ್ಯಾನೇಜರಲ್ಲಿ 802.11ಎನ್ ಎನ್‌ಐಸಿ ಅಂತ ಹಳದಿ ಗುರುತು ಹಂಗೇ ಇದೆ, ಕೋಡ್ 28, ಅಂದ್ರೆ ಡ್ರೈವರೇ ಇಲ್ಲ ಅಂತ. ಡೀಟೇಲ್ಸಲ್ಲಿ ಹಾರ್ಡ್‌ವೇರ್ ಐಡಿ ನೋಡಿದ್ರೆ ವಿಐಡಿ 0ಬಿಡಿಎ, ಅದು ಚಿಪ್ ಮಾಡೋ ರಿಯಲ್‌ಟೆಕ್ ಕಂಪನಿಯ ನಂಬರು. ಡಬ್ಬದ ತಳದಲ್ಲಿ ಬಾರ್‌ಕೋಡ್ ಪಕ್ಕ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ವರ್ಷನ್ 3 ಅಂತಿದೆ. ಸಿಡೀಲಿರೋದು ವರ್ಷನ್ 1ರ ಡ್ರೈವರು, ಅದು ಬೇರೆ ಚಿಪ್ಪಿಂದು. ಹೆಸರು ಒಂದೇ, ಡಬ್ಬ ಒಂದೇ, ಒಳಗಿನ ಚಿಪ್ ಬೇರೆ! ನಿಮ್ಮ ವೆಬ್‌ಸೈಟಲ್ಲೂ ಒಂದೇ ಡೌನ್‌ಲೋಡ್ ಬಟನ್ ಇದೆ, ಯಾವ ವರ್ಷನ್ನಿಗೆ ಯಾವ ಡ್ರೈವರ್ ಅಂತ ಒಂದು ಸಾಲಿಲ್ಲ. ಕೊನೆಗೆ ವಿಂಡೋಸ್ ಅಪ್‌ಡೇಟಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್, ಅದರೊಳಗೆ ಆಪ್ಷನಲ್ ಅಪ್‌ಡೇಟ್ಸ್ ಅಂತ ಹೋದ್ರೆ ಸರಿಯಾದ ಡ್ರೈವರ್ ಅಲ್ಲೇ ಕೂತಿತ್ತು, ಹತ್ತು ನಿಮಿಷದಲ್ಲಿ ಆಯ್ತು. ಆದ್ರೂ ಫೋನ್ ಮನೇಲಿದ್ದಾಗ ನಾನು ಟೆದರಿಂಗೇ ಕೊಡ್ತೀನಿ, ಡಾಂಗಲ್ಲಿನ ಮೇಲೆ ನಂಬಿಕೆ ಹೋಗಿದೆ.

ಇನ್ನು ಮೌಸಿನ ವಿಷಯ. ನಾನು ನಿಜವಾಗ್ಲೂ ಈ ಪತ್ರ ಬರೆಯೋಕೆ ಕೂತಿದ್ದೇ ಇದಕ್ಕೆ.

ಲ್ಯಾಪ್‌ಟಾಪಿಗಿರೋದು ಎರಡೇ ಯುಎಸ್‌ಬಿ, ಒಂದು ಕಪ್ಪು ಒಂದು ನೀಲಿ. ಡಾಂಗಲ್ ಬಂದ್ಮೇಲೆ ಪೆನ್‌ಡ್ರೈವಿಗೆ ಜಾಗ ಸಾಲಲ್ಲ ಅಂತ ನಿಮ್ಮವರೇ ಹಬ್ ಕೊಟ್ರು. ನೀಲಿ ತೂತಿಗೆ ಹಬ್ಬು, ಅದರಲ್ಲಿ ಡಾಂಗಲ್ಲು, ಪೆನ್‌ಡ್ರೈವು, ಪಕ್ಕದ ಕಪ್ಪು ತೂತಲ್ಲಿ ಮೌಸಿನ ಉಗುರಿನಷ್ಟು ರಿಸೀವರ್. ಅವತ್ತಿಂದ ಪರದೆ ಮೇಲಿನ ಮೌಸಿನ ಬಾಣ ಕುಣಿಯೋಕೆ ಶುರು ಆಯ್ತು. ಅಪ್ಪ ಒಂದು ಒತ್ತಕ್ಷರ ತಿದ್ದೋಕೆ ಅಂತ ಬಾಣ ತಗೊಂಡು ಹೋಗ್ತಾರೆ, ಅದು ಎರಡು ಸಾಲು ಕೆಳಗೆ ಹಾರುತ್ತೆ, ಮತ್ತೆ ತರ್ತಾರೆ, ನಿಂತುಬಿಡುತ್ತೆ, ಇನ್ನೊಂದ್ಸಲ ತಳ್ಳಿದ್ರೆ ಪರದೆ ಮೂಲೆಗೆ ಹೋಗಿ ಬೀಳುತ್ತೆ. ಮೌಸ್ ಎತ್ತಿ ಅದರ ಹೊಟ್ಟೆನ ಹೆಗಲ ಮೇಲಿನ ಟವೆಲಲ್ಲಿ ಒರೆಸ್ತಾರೆ, ಪ್ಯಾಡ್ ಒರೆಸ್ತಾರೆ, ಮತ್ತೆ ಶುರು ಮಾಡ್ತಾರೆ. ಮೊದಲನೇ ಸಲ ಹೇಳಿದಾಗ ಮೌಸ್ ಬದಲಾಯಿಸಿ ಕೊಟ್ರಿ, ಅದೂ ಹಂಗೇ ಮಾಡ್ತು. ಎರಡನೇ ಸಲ ಅಪ್ಪನೇ ಫೋನ್ ತಗೊಂಡು ಮಾತಾಡಿದ್ರು, ಲಕ್ವ ಆಗಿದೆ, ಎಡಗೈಲಿ ಓಡಿಸ್ತೀನಿ ಅಂತ ಎಲ್ಲಾ ಹೇಳಿದ್ರು. ಆ ಕಡೆಯ ಹುಡುಗ, ಹಾಗಾದ್ರೆ ನಿಮ್ಮ ಕೈ ನಡುಗ್ತಿರೋದಕ್ಕೆ ಹಂಗಾಗ್ತಿದೆ ಸಾರ್, ಮೌಸ್ ಸರಿಯಾಗೇ ಇದೆ ಅಂದ. ಅಪ್ಪ ಏನೂ ಅನ್ನಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟು, ನನ್ನ ಕೈಯೇ ಸರಿ ಇಲ್ಲ ಬಿಡಮ್ಮ ಅಂದ್ರು, ಅವತ್ತಿಂದ ಹನ್ನೆರಡು ದಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ.

ಅವರ ಎಡಗೈ ನಡುಗಲ್ಲ ಸಾರ್. ಆ ನೀಲಿ ತೂತು ಯುಎಸ್‌ಬಿ 3.0 ಅನ್ನೋ ವೇಗದ ಥರದ್ದು. ಯುಎಸ್‌ಬಿ 3.0 ಸಾಮಾನು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗಲಾಟೆ ಎಬ್ಬಿಸುತ್ತೆ, ವೈರ್‌ಲೆಸ್ ಮೌಸ್ ಮಾತಾಡೋದೂ ಅದೇ 2.4ರಲ್ಲಿ, ರಿಸೀವರ್ ಪಕ್ಕದಲ್ಲೇ ಇದ್ರೆ ಅದಕ್ಕೆ ಮೌಸಿನ ಮಾತು ಕೇಳ್ಸಲ್ಲ. ಇದನ್ನ ಇಂಟೆಲ್‌ನವರು 2012ರಲ್ಲೇ ಬರೆದು ಎಲ್ಲರಿಗೂ ಓದೋಕೆ ಬಿಟ್ಟಿದಾರೆ. ನಾನು ಪೆನ್‌ಡ್ರೈವ್ ಕಿತ್ತು ನೋಡಿದೆ, ಬಾಣ ಎಣ್ಣೆ ಸವರಿದ ಹಾಗೆ ಹೋಯ್ತು, ಹಾಕಿದೆ, ಕುಣೀತು, ನಾಲ್ಕು ಸಲ ಮಾಡಿದ್ರೂ ಅದೇ. 90 ರೂಪಾಯಿ ಕೊಟ್ಟು ಮೂರಡಿ ಎಕ್ಸ್‌ಟೆನ್ಶನ್ ಕೇಬಲ್ ತಂದು ರಿಸೀವರನ್ನ ಪ್ಯಾಡಿನ ಕ್ಲಿಪ್ಪಿಗೇ ಸಿಕ್ಕಿಸಿದೀನಿ, ಅವತ್ತಿಂದ ಒಂದ್ಸಲವೂ ಹಾರಿಲ್ಲ. ಅಪ್ಪನ್ನ ಕರೆದು ಕೂರಿಸಿ ತೋರಿಸಿದೆ. ಪೆನ್‌ಡ್ರೈವನ್ನ ತಾವೇ ಎರಡು ಸಲ ಕಿತ್ತು ಹಾಕಿ ನೋಡಿ ಆಮೇಲೆ ನಂಬಿದ್ರು.

ನನಗೆ ಬೇಕಿರೋದು ಇಷ್ಟು. ವಾರಂಟಿ ಇರೋ ಒಳಗಿನ ವೈಫೈ ಕಾರ್ಡನ್ನ ದುಡ್ಡಿಲ್ದೆ ಸರಿ ಮಾಡಿ ಕೊಡಿ, ಫೈಲ್ ಅಳಿಸದೆ, ರಿಪೇರಿ ಆಗೋ ತನಕ ಬದಲಿ ಲ್ಯಾಪ್‌ಟಾಪ್ ಕೊಟ್ಟು. ಡಾಂಗಲ್ಲಿನ 649 ವಾಪಸ್ ಕೊಡಿ, ಅದು ನಾನು ಕೊಡಬೇಕಾದ ದುಡ್ಡೇ ಅಲ್ಲ. ಆ ಸಿಡಿ ಹಾಕೋದು ನಿಲ್ಸಿ, ಈಗ ಎಷ್ಟೋ ಡಾಂಗಲ್ಲಿನ ಒಳಗೇ ಡ್ರೈವರ್ ತುಂಬಿರ್ತಾರೆ, ಸಿಕ್ಕಿಸಿದ ತಕ್ಷಣ ಕಾಣ್ಸುತ್ತೆ, ನೀವೂ ಹಂಗೆ ಕೊಡಿ, ವರ್ಷನ್ ನಂಬರ್ ದಪ್ಪಕ್ಷರದಲ್ಲಿ ಹಾಕಿ. ಮೌಸ್ ಡಬ್ಬದಲ್ಲಿ ಒಂದು ಗಿಡ್ಡ ಎಕ್ಸ್‌ಟೆನ್ಶನ್ ಕೇಬಲ್ ಇಡಿ. ಎಲ್ಲಕ್ಕಿಂತ ಮೊದಲು ಆ ಹೆಲ್ಪ್‌ಲೈನಿಂದ ಯಾರಾದ್ರೂ ನಮ್ಮಪ್ಪನಿಗೆ ಫೋನ್ ಮಾಡಿ, ತಪ್ಪು ನಿಮ್ಮ ಕೈದಲ್ಲ ಮೇಷ್ಟ್ರೇ, ನಮ್ಮದು ಅಂತ ಹೇಳ್ಬೇಕು. ನನಗೆ ಹೇಳೋದು ಬೇಡ, ಅವರಿಗೇ ಹೇಳಿ.

30 ದಿನ ಕಾಯ್ತೀನಿ. ಉತ್ತರ ಬರ್ಲಿಲ್ಲ ಅಂದ್ರೆ ಮೊದಲು ಸರ್ಕಾರದ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ, ಆಮೇಲೆ ತುಮಕೂರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಹಾಕ್ತೀನಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರೋ ಜಿಲ್ಲೇಲೇ ಹಾಕಬಹುದು, 5 ಲಕ್ಷದ ಒಳಗಿನ ಸಾಮಾನಿಗೆ ಶುಲ್ಕವೂ ಇಲ್ಲ. ಬಿಲ್ಲು, ಡಬ್ಬದ ತಳದ ಫೋಟೋ, ಡಿವೈಸ್ ಮ್ಯಾನೇಜರಿನ ಫೋಟೋ, ಪೆನ್‌ಡ್ರೈವ್ ಹಾಕಿ ತೆಗೆದು ಮಾಡಿದ ವಿಡಿಯೋ ಜೊತೆಗಿಟ್ಟಿದೀನಿ. ಫೋನ್ ಮಾಡೋದಾದ್ರೆ ಮಧ್ಯಾಹ್ನ ಎರಡು ಗಂಟೆ ಮೇಲೆ ಮಾಡಿ, ಬೆಳಿಗ್ಗೆ ಹೊತ್ತು ಫೋನು ಲ್ಯಾಪ್‌ಟಾಪಿಗೆ ಸಿಕ್ಕಿಸಿರುತ್ತೆ, ಅಪ್ಪ ಬರೀತಿರ್ತಾರೆ.

ಇಂತಿ,
ನಿಮ್ಮ ಗ್ರಾಹಕಿ
ತಿಪಟೂರು, ತುಮಕೂರು ಜಿಲ್ಲೆ