ನಲ್ಲಿ ತೊಟ್ಟಿಕ್ಕಲಿ ಬಿಡಿ

ಊರಲ್ಲಿ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಅಜ್ಜಿ ಸುಮ್ಮನಿರುತ್ತಿರಲಿಲ್ಲ. ಮನೆಯ ಲಕ್ಷ್ಮಿ ಹರಿದು ಹೋಗ್ತಾಳೆ ಅನ್ನೋರು. ಆ ಮಾತು ಕೇಳಿ ಬೆಳೆದ ಕೈ, ಡಲ್ಲಾಸಿಗೆ ಬಂದು ಇಷ್ಟು ವರ್ಷವಾದರೂ ಮಲಗುವ ಮುನ್ನ ಎಲ್ಲ ನಲ್ಲಿಗಳನ್ನೂ ಬಿಗಿದೇ ಬರುತ್ತದೆ.

2021ರ ಫೆಬ್ರವರಿಯಲ್ಲೂ ಬಿಗಿದೆ. 16ರ ಬೆಳಿಗ್ಗೆ ಇಲ್ಲಿ ಮೈನಸ್ 2 ಫ್ಯಾರನ್‌ಹೀಟ್. ಸೆಲ್ಸಿಯಸ್ಸಿನಲ್ಲಿ ಮೈನಸ್ 19. ಕರೆಂಟಿಲ್ಲ, ಹೀಟರಿಲ್ಲ. ಪೈಪಿನಲ್ಲಿ ನೀರು ಗಡ್ಡೆ ಕಟ್ಟಿದಾಗ ಸದ್ದೇ ಆಗಲಿಲ್ಲ. ನಾಲ್ಕು ದಿನದ ಮೇಲೆ ಬಿಸಿಲು ಬಂದು, ಅಬ್ಬ ಮುಗಿಯಿತು ಎನ್ನುವಷ್ಟರಲ್ಲಿ ಗ್ಯಾರೇಜಿನ ಸೀಲಿಂಗ್ ನೆನೆದು ಕಾರಿನ ಮೇಲೆ ಕುಸಿಯಿತು. ನೀರು ನಿಲ್ಲಿಸೋಣವೆಂದರೆ ಮೇನ್ ವಾಲ್ವ್ ಎಲ್ಲಿದೆಯೋ ಗೊತ್ತಿಲ್ಲ! ಕೊನೆಗೆ ಸಿಕ್ಕಿದ್ದು ರಸ್ತೆ ಬದಿಯ ಮೀಟರ್ ಪೆಟ್ಟಿಗೆಯಲ್ಲಿ. ತಿರುಗಿಸುವ ಉದ್ದನೆಯ ಕೀಲಿ ಪಕ್ಕದ ಮನೆಯವರದು.

ನೀರು ಮಂಜುಗಡ್ಡೆಯಾದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಆದರೆ ಪೈಪು ಒಡೆಯುವುದು ಗಡ್ಡೆ ಕಟ್ಟಿದ ಜಾಗದಲ್ಲೇ ಆಗಬೇಕೆಂದಿಲ್ಲ. ಬೆಳೆಯುವ ಗಡ್ಡೆ ಮುಂದಿನ ನೀರನ್ನು ಮುಚ್ಚಿದ ನಲ್ಲಿಯತ್ತ ಒತ್ತುತ್ತದೆ, ಹೋಗಲು ದಾರಿ ಸಿಗದೆ ಒತ್ತಡ ಏರಿ ಪೈಪು ಸೀಳುತ್ತದೆ. ನಲ್ಲಿ ಒಂದಿಷ್ಟು ತೊಟ್ಟಿಕ್ಕುತ್ತಿದ್ದರೆ ಆ ಒತ್ತಡಕ್ಕೆ ದಾರಿ ಸಿಕ್ಕಂತೆ. 20 ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯುವ ರಾತ್ರಿ, ಹೊರಗೋಡೆಗೆ ಅಂಟಿದ ಸಿಂಕಿನಲ್ಲಿ ಬಿಸಿ, ತಣ್ಣೀರು ಎರಡನ್ನೂ ಹನಿಯಲು ಬಿಡಿ. ಸಿಂಕಿನ ಕೆಳಗಿನ ಕಪಾಟು ತೆರೆದಿಡಿ, ಮನೆಯೊಳಗಿನ ಬೆಚ್ಚನೆ ಗಾಳಿ ಪೈಪಿಗೂ ತಾಗಲಿ. ತೋಟದ ಹೋಸ್ ಕಳಚಿಡಿ. ಇಲ್ಲಿನ ಎಷ್ಟೋ ಮನೆಗಳಲ್ಲಿ ಪೈಪು ಓಡುವುದು ಅಟ್ಟದಲ್ಲಿ. ಅದಕ್ಕೆ ಫೋಮ್ ತೋಳು ತೊಡಿಸಲು ಒಂದು ಭಾನುವಾರ ಸಾಕು.

ಬೆಳಿಗ್ಗೆ ನೀರು ಬರದಿದ್ದರೆ ಮೊದಲು ನಲ್ಲಿ ತೆರೆಯಿರಿ, ಆಮೇಲೆ ಹೇರ್ ಡ್ರೈಯರ್ ಹಿಡಿದು ನಲ್ಲಿಯ ಕಡೆಯಿಂದ ಹಿಂದಕ್ಕೆ ನಿಧಾನವಾಗಿ ಕಾಯಿಸುತ್ತ ಹೋಗಿ. ಬೆಂಕಿ, ಬ್ಲೋಟಾರ್ಚ್ ಬೇಡವೇ ಬೇಡ. ಈ ಮನೆಗಳು ಮರದವು.

ಡಿಸೆಂಬರಿನಲ್ಲಿ ನಮ್ಮಲ್ಲಿ ಅರ್ಧ ಜನ ಬೆಂಗಳೂರು ವಿಮಾನ ಹತ್ತಿರುತ್ತಾರೆ. ಕರೆಂಟು ಉಳಿಸಲೆಂದು ಹೀಟರ್ ಪೂರ್ತಿ ಆರಿಸಿ ಹೋಗುವ ಜಾಣತನ ದಯವಿಟ್ಟು ಬೇಡ. ಥರ್ಮೋಸ್ಟಾಟ್ 55 ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಸಬೇಡಿ. ಹೊರಡುವ ದಿನ ಮೇನ್ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಪೈಪಿನಲ್ಲಿ ಉಳಿದ ನೀರು ಬಸಿಯಿರಿ. ಮನೆ ಕೀಲಿಯನ್ನು ಇಲ್ಲೇ ಉಳಿಯುವ ಗೆಳೆಯರ ಕೈಗೆ ಕೊಡುವಾಗ ವಾಲ್ವ್ ಎಲ್ಲಿದೆ ಎಂದು ತೋರಿಸಿಯೇ ಕೊಡಿ. ಅವರಿಗೆ ಊರಿಂದ ಚಕ್ಕುಲಿ ತರುವುದು ನಿಮ್ಮ ಜವಾಬ್ದಾರಿ.