ಇಎಸ್‌ಸಿ ಇನ್ನು ಮುಂದೆ ಪ್ರೋಗ್ರಾಂ ಮಾಡಿಯೇ ಕೊಡುತ್ತೇವೆ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಬರುವ ತಿಂಗಳಿಂದ ನಮ್ಮ ತುಮಕೂರಿನ ಅಂಗಡಿಯಲ್ಲಿ ಆರ್‌ಸಿ (ರಿಮೋಟ್‌ನಿಂದ ಓಡಿಸುವ) ಕಾರಿನ ಇಎಸ್‌ಸಿ, ಅಂದರೆ ಮೋಟಾರಿನ ವೇಗ ಹಿಡಿಯುವ ಸ್ಪೀಡ್ ಕಂಟ್ರೋಲರ್ ಕೊಂಡವರಿಗೆ ಅದನ್ನು ಪ್ರೋಗ್ರಾಂ ಮಾಡಿಯೇ, ಅಂದರೆ ಅವರ ಬ್ಯಾಟರಿ, ರಿಮೋಟ್‌ಗೆ ತಕ್ಕಂತೆ ಸೆಟ್ಟಿಂಗ್ ಹಾಕಿಯೇ ಕೊಡುತ್ತೇವೆ. ಸೀಲ್ ಒಡೆಯದ ಪ್ಯಾಕೆಟ್ ಹಾಗೇ ಕೈಗಿಡುವ ಪದ್ಧತಿ ನಿಲ್ಲುತ್ತದೆ. ಇದಕ್ಕೆ ಬೇರೆ ದುಡ್ಡಿಲ್ಲ. ಬರುವಾಗ ರಿಮೋಟ್, ರಿಸೀವರ್, ಬ್ಯಾಟರಿ ತನ್ನಿ. ಕಾರನ್ನೇ ತಂದರೆ ಇನ್ನೂ ಒಳ್ಳೆಯದು.

ಹೀಗೆ ಮಾಡಲು ದೊಡ್ಡ ಕಾರಣ ಬ್ಯಾಟರಿ. ಊದಿಕೊಂಡ ಲಿಪೊ (ಲಿಥಿಯಂ ಪಾಲಿಮರ್ ಬ್ಯಾಟರಿ) ಹಿಡಿದು ಬರುವವರಲ್ಲಿ ಹೆಚ್ಚಿನವರು ಕಾಲೇಜು ಹುಡುಗರು, ಪಾಕೆಟ್ ಮನಿ ಕೂಡಿಸಿ ಕೊಂಡವರು. ನೋಡಿದರೆ ಇಎಸ್‌ಸಿಯಲ್ಲಿ ಬ್ಯಾಟರಿ ಬಗೆ ಲಿಪೊ ಎಂದಿರದೆ, ಬೇರೆ ಬಗೆಯ ಬ್ಯಾಟರಿಯಾದ ನಿಕಲ್ ಎಂದೇ ಇರುತ್ತದೆ. ಲಿಪೊ ಸೆಲ್ ಒಂದಕ್ಕೆ ತುಂಬಿದಾಗ 4.2 ವೋಲ್ಟ್, 3 ವೋಲ್ಟ್‌ಗಿಂತ ಕೆಳಗೆ ಇಳಿಸಿದರೆ ಸೆಲ್ ಹಾಳಾಗುತ್ತದೆ. ಆ ಮಟ್ಟ ಮುಟ್ಟುವ ಮೊದಲೇ ಮೋಟಾರಿಗೆ ಕರೆಂಟ್ ತಗ್ಗಿಸುವುದು ಕಟ್‌ಆಫ್‌ನ ಕೆಲಸ. ನಿಕಲ್ ಸೆಟ್ಟಿಂಗ್‌ನಲ್ಲಿ ಅದು ಲಿಪೊಗೆ ಕಾವಲಾಗುವುದಿಲ್ಲ. ಎರಡು ಸೆಲ್‌ನ 7.4 ವೋಲ್ಟ್ ಪ್ಯಾಕ್ ಇದ್ದವರಿಗೆ ನಾವು ಕಟ್‌ಆಫ್ ಅನ್ನು ಸೆಲ್‌ಗೆ 3.2 ವೋಲ್ಟ್‌ನ ಆಸುಪಾಸಿನಲ್ಲಿ ಇಡುತ್ತೇವೆ. ಓಡಿಸುವ ಹೊತ್ತು ಸ್ವಲ್ಪ ಕಡಿಮೆಯಾಗಬಹುದು, ಬ್ಯಾಟರಿ ಉಳಿಯುತ್ತದೆ.

ಎರಡನೆಯದು ರಿಮೋಟ್ ಜೊತೆ ಹೊಂದಿಸುವುದು. ಟ್ರಿಗರ್ ಬಿಟ್ಟ ಜಾಗ, ಪೂರ್ತಿ ಎಳೆದ ಜಾಗ, ಪೂರ್ತಿ ತಳ್ಳಿದ ಜಾಗ, ಈ ಮೂರನ್ನೂ ಇಎಸ್‌ಸಿಗೆ ಕಲಿಸಬೇಕು. ಕಲಿಸದಿದ್ದರೆ ಕೈ ಬಿಟ್ಟರೂ ಕಾರು ಮೆಲ್ಲಗೆ ತೆವಳುತ್ತದೆ, ಇಲ್ಲವೇ ಪೂರ್ತಿ ವೇಗ ಸಿಗುವುದೇ ಇಲ್ಲ. ಇದು ಅವರವರ ರಿಮೋಟ್‌ಗೆ ತಕ್ಕಂತೆ ಆಗುವ ಕೆಲಸ, ಅದಕ್ಕೇ ತನ್ನಿ ಎಂದದ್ದು.

ಬ್ರೇಕ್, ರಿವರ್ಸ್, ಪಂಚ್ (ಟ್ರಿಗರ್ ಎಳೆದೊಡನೆ ಕಾರು ಎಷ್ಟು ಜೋರಾಗಿ ಚಿಮ್ಮಬೇಕು ಎಂಬುದು) ನಿಮ್ಮ ಇಷ್ಟ. ಮಕ್ಕಳು ಓಡಿಸುವುದಾದರೆ ಪಂಚ್ ಕಡಿಮೆ ಇಡಿಸಿ ಎಂದು ನಮ್ಮ ಸಲಹೆ. ಮೊದಲ ದಿನವೇ ಗೇರಿನ ಹಲ್ಲು ಉದುರುವುದನ್ನು ತಪ್ಪಿಸಬಹುದು. ಬ್ರಷ್‌ಲೆಸ್ (ಒಳಗೆ ಕಾರ್ಬನ್ ಬ್ರಷ್ ಇಲ್ಲದ) ಮೋಟಾರಿನಲ್ಲಿ ಟೈಮಿಂಗ್ (ಸುರುಳಿಗೆ ಕರೆಂಟ್ ಎಷ್ಟು ಮುಂಚೆ ಕೊಡಬೇಕು ಎಂಬುದು) ಏರಿಸಿ ಎಂದು ಕೇಳುವವರಿದ್ದಾರೆ. ವೇಗ ಏರುತ್ತದೆ, ಜೊತೆಗೆ ಬಿಸಿಯೂ ಏರುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಕೆಮ್ಮಣ್ಣಿನ ಬಯಲಿನಲ್ಲಿ ಓಡಿಸುವ ಕಾರಿಗೆ ಅದು ಬೇಡವೆಂದೇ ಹೇಳುತ್ತೇವೆ.

ಶಿರಾ, ಪಾವಗಡ, ತಿಪಟೂರು ಕಡೆಯಿಂದ ಪಾರ್ಸೆಲ್ ತರಿಸಿಕೊಳ್ಳುವವರು ಆರ್ಡರ್ ಕೊಡುವಾಗಲೇ ಬ್ಯಾಟರಿ ಯಾವುದು, ಎಷ್ಟು ಸೆಲ್‌ನದು ಎಂದು ತಿಳಿಸಿ. ಕಟ್‌ಆಫ್ ಇಲ್ಲೇ ಹಾಕಿ ಕಳಿಸುತ್ತೇವೆ. ಟ್ರಿಗರ್ ಕಲಿಸುವುದನ್ನು ಮಾತ್ರ ನೀವೇ ಮಾಡಬೇಕಾಗುತ್ತದೆ. ಕ್ರಮವನ್ನು ಕನ್ನಡದಲ್ಲಿ ಬರೆದ ಚೀಟಿ ಪೆಟ್ಟಿಗೆಯೊಳಗಿರುತ್ತದೆ. ಆ ಕೆಲಸಕ್ಕೆ ಕೂರುವಾಗ ಕಾರನ್ನು ಏನಾದರೊಂದರ ಮೇಲೆ ಎತ್ತಿಟ್ಟು, ಚಕ್ರ ನೆಲಕ್ಕೆ ತಾಗದಂತೆ ನೋಡಿಕೊಳ್ಳಿ. ಮೊದಲು ರಿಮೋಟ್ ಆನ್, ಆಮೇಲೆ ಕಾರು. ಆಫ್ ಮಾಡುವಾಗ ಮೊದಲು ಕಾರು. ಬ್ರಷ್‌ಲೆಸ್ ಮೋಟಾರು ಹಿಮ್ಮುಖ ತಿರುಗಿದರೆ ಗಾಬರಿ ಬೇಡ, ಸೆನ್ಸರ್ ಇಲ್ಲದ್ದಾದರೆ ಮೋಟಾರಿಗೆ ಹೋಗುವ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಬ್ಯಾಟರಿಯ ಕೆಂಪು, ಕಪ್ಪು ವೈರನ್ನು ಮಾತ್ರ ಎಂದೂ ಅದಲುಬದಲು ಮಾಡಬೇಡಿ, ಇಎಸ್‌ಸಿ ಸುಟ್ಟೇ ಹೋಗುತ್ತದೆ.

ಈ ಮೊದಲು ನಮ್ಮಲ್ಲಿ ಕೊಂಡವರೂ ಸೆಟ್ಟಿಂಗ್ ನೋಡಿಸಿಕೊಳ್ಳಬೇಕೆಂದರೆ ಧಾರಾಳವಾಗಿ ಬನ್ನಿ. ಭಾನುವಾರ ಜನ ಹೆಚ್ಚು, ಕಾಯಬೇಕಾದೀತು; ವಾರದ ದಿನ ಮಧ್ಯಾಹ್ನದ ಮೇಲೆ ಬಂದರೆ ಕೂತು ಸಮಾಧಾನವಾಗಿ ಮಾಡಿಕೊಡಬಹುದು.

ಇಂತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಬಳಗ, ತುಮಕೂರು